ಉಗುರಿನ ಮೇಲೆ ಅಲಗು

ಅಪ್ಪ ಹಳೆಯ ಬೇಟೆಚಾಕುವಿನ ಅಲಗನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿದಾಗ ಮಗ ಅವರ ಬೆರಳನ್ನೇ ನೋಡುತ್ತ ನಿಂತ. ಹರಿತವಿದ್ದರೆ ಅಲಗು ಉಗುರನ್ನು ಕಚ್ಚುತ್ತದೆ, ಇಲ್ಲದಿದ್ದರೆ ಜಾರುತ್ತದೆ. ಈ ಪರೀಕ್ಷೆ ಅವನಿಗೆ ಕಲಿಸಿದ್ದೇ ಅಪ್ಪ.

ಮಗ ತುಕ್ಕನ್ನೆಲ್ಲ ಎಣ್ಣೆ ಹಚ್ಚಿ ಉಜ್ಜಿ ತೆಗೆದಿದ್ದ. ಅಲುಗಾಡುತ್ತಿದ್ದ ಕೊಂಬಿನ ಹಿಡಿಗೆ ಹೊಸ ಹಿತ್ತಾಳೆ ಮೊಳೆ ಹೊಡೆದಿದ್ದ. ಕಡೆಗೆ ಕಳ್ಳನ ಹಾಗೆ ಬಾಗಿಲು ಹಾಕಿಕೊಂಡು, ಜೀವಮಾನವೆಲ್ಲ ಸಾಣೆ ಹಿಡಿದ ಕೈಯಿಂದಲೇ ಅಲಗನ್ನು ಕಲ್ಲಿಗೆ ನೆಟ್ಟಗೆ ಉಜ್ಜಿ ಮೊಂಡು ಮಾಡಿದ್ದ. ಇತ್ತೀಚೆಗೆ ಅಪ್ಪನ ಮನಸ್ಸು ಒಮ್ಮೊಮ್ಮೆ ಕಾಡಿಗೆ ಹೊರಟುಬಿಡುತ್ತಿತ್ತು. ಮೊನ್ನೆ ಸೊಸೆಯನ್ನೇ ಹಂದಿಯೆಂದು ತಿಳಿದು ಚಾಕು ಎತ್ತಿದ್ದರು. ಅದನ್ನು ಕಿತ್ತಿಟ್ಟರೆ ಊಟವನ್ನೇ ಬಿಡುತ್ತಿದ್ದರು.

ಅಲಗು ಜಾರಿತು. ಅಪ್ಪ ಇನ್ನೊಮ್ಮೆ ಒತ್ತಿದರು. ಮತ್ತೆ ಜಾರಿತು. ತಲೆಯೆತ್ತಿ ಮಗನನ್ನೇ ನೋಡಿದರು. ಇವತ್ತು ಅವರ ಮನಸ್ಸು ಕಾಡಿಗೆ ಹೋಗಿರಲಿಲ್ಲ, ಮನೆಯಲ್ಲೇ ಇತ್ತು.

"ಅಪ್ಪಾ, ಅದು..." ಎಂದ ಮಗ.

"ಹಿಡಿ ಚೆನ್ನಾಗಿ ಕೂತಿದೆ ಕಣೋ," ಎಂದರು ಅಪ್ಪ.

ನೀರಿನ ಲೋಟ ಹಿಡಿದು ಬಂದ ಸೊಸೆ ಚಾಕು ಕಂಡು ಬಾಗಿಲಲ್ಲೇ ನಿಂತಳು. ಅಪ್ಪ ಅದನ್ನು ಜೋಪಾನವಾಗಿ ಒರೆಗೆ ಇಳಿಸಿದರು.

"ಹುಷಾರು ತಾಯಿ, ಕೈಗೆ ತಾಗೀತು. ನನ್ನ ಮಗ ತುಂಬಾ ಹರಿತ ಮಾಡಿಕೊಟ್ಟಿದ್ದಾನೆ."