ನಡುಗೋಡೆಯ ಕಪಾಟು

"ಇಷ್ಟು ಸಾಲದು. ಇನ್ನೂ ಒಳಗ ಹೋಗಬೇಕು," ಎಂದ ಪರಮೇಶಪ್ಪ, ಬಾಗಿಲ ಕಡೆ ಒಮ್ಮೆ ನೋಡಿ.

ಗೌಂಡಿ ಕರೀಮಸಾಬ ಉಳಿ ಕೆಳಗಿಟ್ಟ. "ಕಪಾಟಿಗೆ ಒಂದು ಮೊಳ ಬಾಳಾತ್ರಿ ಯಜಮಾನ್ರ. ಅರಿವಿ ಇಡ್ತೀರೋ, ಆನಿ ಕಟ್ತೀರೋ?"

"ಕಪಾಟಿನ ಹಿಂದ ಇನ್ನೊಂದು ಸಣ್ಣ ಪೊಟರಿ ಮಾಡು. ಮುಂದೊಂದು ಹಲಗಿ. ಕೈ ಪೂರ್ತಿ ಚಾಚಿದ್ರೂ ತುದಿ ಸಿಗಬಾರದು. ಯಾರ ಮುಂದೂ ಬಾಯಿ ಬಿಡಬ್ಯಾಡ."

"ಯಾರ ಮುಂದೂ ಹೇಳಂಗಿಲ್ರಿ," ಎಂದು ಮುದುಕ ನಕ್ಕ. "ಯಾರ ಗುಟ್ಟೂ ಹೇಳಂಗಿಲ್ಲ."

ಚಿಕ್ಕೇರೂರಿನಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ಮನೆ ಕಟ್ಟಿಸುತ್ತಿದ್ದ ವರ್ಷ ಅದು, ಸಾವಿರದ ಒಂಬೈನೂರ ಮೂವತ್ತೆಂಟು. ಹಳೆಯ ಮನೆ ಕೆಡವಿದ ಜಾಗದಲ್ಲಿ ಎರಡು ಮನೆ, ನಡುವೆ ಎರಡು ಮೊಳ ದಪ್ಪದ ಒಂದೇ ಗೋಡೆ. ಬೇರೆಯಾದರೂ ಬೆನ್ನಿಗೆ ಬೆನ್ನು ಹಚ್ಚಿಕೊಂಡೇ ಇದ್ದಾರೆಂದು ಊರೆಲ್ಲ ಹೊಗಳಿತ್ತು.

ಪರಮೇಶಪ್ಪನ ಹೆಂಡತಿ ಮಂಜವ್ವನಿಗಂತೂ ಕಪಾಟುಗಳದೇ ಕನಸು. ಇಲ್ಲಿ ಸೀರೆ, ಇಲ್ಲಿ ಉಪ್ಪಿನಕಾಯಿ ಭರಣಿ, ಇಲ್ಲಿ ದೀಪದ ಗೂಡು ಎಂದು ಇದ್ದಿಲಿನಿಂದ ಗೋಡೆಯ ತುಂಬ ಗೀಚುತ್ತಿದ್ದಳು. ಈ ಕಡೆ ಗೀಚಿದ್ದು ಮರುದಿನ ಆ ಕಡೆ, ಮೈದುನ ಹೂವಪ್ಪನ ಮನೆಯಲ್ಲೂ ಅದೇ ಜಾಗಕ್ಕೆ ಮೂಡುತ್ತಿತ್ತು. "ನಿಮ್ಮ ತಮ್ಮಗ ಸ್ವಂತ ತಲಿನ ಇಲ್ಲೇನ್ರಿ?" ಎಂದು ಗಂಡನನ್ನು ಕಾಡುತ್ತಿದ್ದಳು. ಪರಮೇಶಪ್ಪನಿಗೆ ನಗು ಬರುತ್ತಿರಲಿಲ್ಲ.

ಹಳೆಯ ಮನೆ ಕೆಡವುವ ಮೊದಲು ಅದರ ಕಣಜದಿಂದ ಜೋಳ ತೆಗೆಯುವಾಗ ಅವನ ಕೈಗೆ ತಣ್ಣಗೆ ಏನೋ ತಗುಲಿತ್ತು. ಬಂಗಾರದ ವಂಕಿ. ಅವ್ವ ಉಡಚವ್ವ ಮದುವೆಯಲ್ಲಿ ತೋಳಿಗೆ ಕಟ್ಟಿಕೊಂಡು ಬಂದ ಜೋಡಿಯದು. ಆದರೆ ಇದ್ದದ್ದು ಒಂದೇ. ಇನ್ನೊಂದಕ್ಕಾಗಿ ತಳದವರೆಗೆ ಕೆದಕಿದ, ಸಿಗಲಿಲ್ಲ. ಅವ್ವನನ್ನು ಕೇಳುವ ಹಾಗೂ ಇರಲಿಲ್ಲ. ಹೇಗಿದ್ದರೂ ಅವ್ವನ ಪ್ರೀತಿ ಕಿರಿಮಗನ ಮೇಲೆ, ನಾಳೆ ಇದೂ ಅವನ ಹೆಂಡತಿಯ ತೋಳಿಗೇ ಹೋಗುತ್ತದೆ ಎಂದುಕೊಂಡ. ವಂಕಿ ಅವನ ಸೊಂಟದ ಗಂಟು ಸೇರಿತು.

ಎಂಟು ದಿನಕ್ಕೆ ಅವ್ವ ಕಣಜ ತಡಕಿ ಬೊಬ್ಬೆ ಹಾಕಿದಳು. ಜೋಳ ಹಸನು ಮಾಡಲು ಬರುತ್ತಿದ್ದ ಫಕ್ಕೀರವ್ವನ ಮೇಲೆ ಬೆರಳು ತೋರಿಸಿದಳು. ಅಂದಿನಿಂದ ಊರಲ್ಲಿ ಯಾರೂ ಆ ಹೆಂಗಸನ್ನು ಕೆಲಸಕ್ಕೆ ಕರೆಯಲಿಲ್ಲ. ಮಂಜವ್ವ ಒಳಗೆ ರೊಟ್ಟಿ ಬಡಿದರೆ ಪರಮೇಶಪ್ಪನಿಗೆ ಫಕ್ಕೀರವ್ವ ಎದೆ ಬಡಿದುಕೊಂಡ ಸದ್ದು ಕೇಳುತ್ತಿತ್ತು. ಆದರೂ ಗೋಡೆಗೆ ಬಳಿದ ಗಿಲಾವು ಒಣಗಿದ ದಿನ ವಂಕಿಯನ್ನು ಪೊಟರೆಯಲ್ಲಿ ಬೆರಳ ತುದಿಯಿಂದ ಆದಷ್ಟು ಒಳಕ್ಕೆ ನೂಕಿ ಹಲಗೆ ಮುಚ್ಚಿದ.

ಗೃಹಪ್ರವೇಶದ ಮಧ್ಯಾಹ್ನ, ಇನ್ನೇನು ಎಲೆ ಹಾಕಬೇಕು, ಫಕ್ಕೀರವ್ವ ಮಗಳ ಕೈ ಹಿಡಿದು ಅಂಗಳಕ್ಕೆ ಬಂದಳು.

"ನಾ ಉಣ್ಣಾಕ ಬಂದಿಲ್ರಿ ಅವ್ವಾರ. ನಿಮ್ಮ ವಂಕಿ ನಾನ ಕದ್ದೇನಿ ಅಂತೀರಿ. ಈಗಿಂದೀಗ ಹನುಮಪ್ಪನ ಗುಡ್ಯಾಗ ಈ ಕೂಸಿನ ತಲಿ ಮ್ಯಾಲೆ ಕೈ ಇಟ್ಟು ದೀಪ ಆರಸ್ತೇನಿ. ನಾ ಮುಟ್ಟಿದ್ರ ಇಕೀನ್ನ ದೇವ್ರು ಒಯ್ಲಿ. ಮುಟ್ಟಿಲ್ಲಂದ್ರ..."

ಹೊಸ ಹೊಸ್ತಿಲನ್ನು ನೋಡಿ ಮಾತು ನಿಲ್ಲಿಸಿದಳು. ಉಳಿದದ್ದು ಎಲ್ಲರಿಗೂ ಗೊತ್ತಿತ್ತು. ತಪ್ಪಿಲ್ಲದವರು ದೀಪ ಆರಿಸಿದರೆ ಕದ್ದವರ ಮನೆಯ ದೀಪ ಆರುತ್ತದೆ. ಒಳಗೆ ಪರಮೇಶಪ್ಪನ ಎರಡು ವರ್ಷದ ಮಗ ಕಿಲಕಿಲ ನಗುತ್ತಿದ್ದ.

"ಆರ್ಸು ನಡಿ! ನಾನೂ ನೋಡ್ತೇನಿ!" ಉಡಚವ್ವ ಕೋಲೂರಿ ಎದ್ದಳು.

"ತಡಿಯವ್ವಾ, ಅಂಗಿ ಹಾಕ್ಕೊಂಡು ಬರ್ತೇನಿ," ಎಂದ ಪರಮೇಶಪ್ಪ.

"ನಾನೂ ರುಮಾಲು ಸುತ್ಕೊಂಡು ಬರ್ತೇನಿ," ಎಂದು ಹೂವಪ್ಪನೂ ಎದ್ದು ತನ್ನ ಮನೆಗೆ ಓಡಿದ. ಅಣ್ಣ ಮಾಡಿದ್ದನ್ನೇ ಮಾಡುವವನು ಅವನು.

ಪರಮೇಶಪ್ಪ ಕೋಣೆಯ ಅಗಳಿ ಹಾಕಿದ. ವಂಕಿ ತೆಗೆದು ಜೋಳದ ಚೀಲಕ್ಕೆ ಹಾಕುವುದು, "ಇಲ್ಲೈತವ್ವಾ, ಸಿಕ್ತು!" ಎಂದು ಕೂಗುವುದು. ಇನ್ನೊಂದರ ಮಾತು ಆಮೇಲೆ. ಒಂದು ಸಿಕ್ಕರೂ ಆ ಹೆಂಗಸು ಉಳಿಯುತ್ತಾಳೆ, ತನ್ನ ಮಗನೂ ಉಳಿಯುತ್ತಾನೆ. ಮಂಜವ್ವ ಅಚ್ಚುಕಟ್ಟಾಗಿ ಮಡಿಸಿಟ್ಟ ಸೀರೆಗಳನ್ನು ನೆಲಕ್ಕೆಳೆದು, ಹಲಗೆ ಸರಿಸಿ, ಕೈ ತೂರಿಸಿದ.

ಮೊಣಕೈ ಹೋಯಿತು. ಭುಜ ಹೋಯಿತು. ಇಟ್ಟಲ್ಲಿ ವಂಕಿ ಇರಲಿಲ್ಲ. ಕೆನ್ನೆಯನ್ನು ಗೋಡೆಗೊತ್ತಿ ಇನ್ನಷ್ಟು ಚಾಚಿದ. ತುದಿ ಸಿಗಲಿಲ್ಲ. ಕರೀಮಸಾಬ ಮಾತು ಉಳಿಸಿಕೊಂಡಿದ್ದ.

ಕೊನೆಗೆ ಬೆರಳಿಗೆ ತಗುಲಿದ್ದು ಗೋಡೆಯ ಆಚೆಯಿಂದ ಬಂದ ಇನ್ನೊಂದು ಕೈ. ಅವನ ಕೈಯಷ್ಟೇ ಬೆವರಿದ್ದ ಅದು ಜೋಡಿ ವಂಕಿಗಳನ್ನು ಬಿಗಿಯಾಗಿ ಹಿಡಿದಿತ್ತು.