ಏಳು ಗಂಟೆಯವನು

'ಯಂತ್ರ' ಎಂಬ ಗುಂಡಿಯನ್ನು ಅವಳು ಇಂದೂ ಒತ್ತಿದಳು. ಇದು ಅರವತ್ತನೆಯ ದಿನ.

ಕೆಲಸವೇನೋ ಸುಲಭದ್ದು. ಜಾಲತಾಣದಲ್ಲಿ ಆಳುವ ಪಕ್ಷವನ್ನು ಬೈಯುವ ಖಾತೆಗಳು ಪರದೆಗೆ ಬರುತ್ತವೆ. ಬರೆಯುತ್ತಿರುವುದು ಯಂತ್ರವೋ ಮನುಷ್ಯನೋ ಹೇಳಬೇಕು. ಯಂತ್ರವಾದರೆ ಬಿಟ್ಟುಬಿಡುತ್ತಾರೆ, ಅದಕ್ಕೆ ತಟ್ಟಲು ಬಾಗಿಲಿಲ್ಲ. ಮನುಷ್ಯನಾದರೆ ವಿಳಾಸ ಮೇಲಿನ ಮಹಡಿಗೆ, ಹಿಡಿದು ತರುವವರ ಕೈಗೆ ಹೋಗುತ್ತದೆ. ಮಹಡಿಗೆ ಹೋದ ಖಾತೆ ಮತ್ತೆ ಬಾಯಿಬಿಟ್ಟದ್ದನ್ನು ಅವಳು ಕಂಡಿಲ್ಲ.

ಈ ಖಾತೆ ಅಣ್ಣನದು. ಹೆಸರಿಲ್ಲ, ಚಿತ್ರವಿಲ್ಲ. ಆದರೂ ಮೊದಲ ದಿನವೇ ಗುರುತು ಹತ್ತಿತು. ಮನೆಯಲ್ಲಿ ಜಗಳ ಮುಗಿಸುತ್ತಿದ್ದ ಅದೇ ಮಾತು ಪ್ರತಿ ಬರಹದ ಕೊನೆಗೂ ಇತ್ತು: "ಹೇಳೋದು ಹೇಳಿದ್ದೀನಿ, ಆಮೇಲೆ ನನ್ನ ಮುಖ ನೋಡ್ಬೇಡಿ."

ಮೂರು ತಿಂಗಳ ಹಿಂದೆ ಹಾಗೆಂದೇ ಚಪ್ಪಲಿ ಮೆಟ್ಟಿ ಹೋದವನು ಒಂದು ಫೋನೂ ಮಾಡಿಲ್ಲ. ಆದರೆ ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬರೆಯುತ್ತಾನೆ.

"ಹತ್ತಾದ್ರೂ ಹೊದಿಕೆ ಬಿಡದವನು, ಏಳಕ್ಕೆ ಏಳ್ತಾನಾ?" ಎಂದು ಅಮ್ಮ ನಗುತ್ತಾಳೆ. "ಕಷ್ಟ ಬುದ್ಧಿ ಕಲಿಸಿದೆ ಬಿಡು. ಇವತ್ತೇನಂದ್ನೇ?"

ಅವಳು ಓದಿಬಂದದ್ದನ್ನು ಹೇಳುತ್ತಾಳೆ. ಅದನ್ನು ಕೇಳಿದ ಮೇಲೇ ಅಮ್ಮ ತಟ್ಟೆಗೆ ಕೈ ಹಾಕುವುದು.

ಸುಳ್ಳು ಸಿಕ್ಕಿಬಿದ್ದರೆ ಅಣ್ಣನಿಗೂ ಉಳಿಗಾಲವಿಲ್ಲ, ಅವಳಿಗೂ ಇಲ್ಲ. ಆ ಮಧ್ಯಾಹ್ನ ಮೇಲ್ವಿಚಾರಕ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಸದ್ದಿಲ್ಲದೆ ಓಡಾಡುವ ಅವಳಿಗೆ ಅವನಿಟ್ಟ ಹೆಸರು ಇಲಿ.

"ಏನಮ್ಮಾ ಇಲಿ, ಈ ಏಳು ಗಂಟೆಯವನನ್ನ ದಿನಾ ಯಂತ್ರ ಅಂತೀಯಲ್ಲ?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಹೌದು ಸರ್. ಯಂತ್ರಾನೇ."

"ಅಷ್ಟು ಧೈರ್ಯವಾಗಿ ಹೇಳ್ತೀಯಾ?"

"ಮನುಷ್ಯ ಆಗಿದ್ರೆ ಒಂದು ದಿನನಾದ್ರೂ ತಡ ಆಗ್ತಿತ್ತು ಸರ್."

ಕೋಣೆಯಲ್ಲಿದ್ದ ಉಳಿದ ಹನ್ನೊಂದು ಮಂದಿಯೂ ತಿರುಗಿ ನೋಡಿದರು. ಮೇಲ್ವಿಚಾರಕ ಅವಳ ಮೇಜು ತಟ್ಟಿದ.

"ನೋಡಿ ಕಲೀರಿ. ಪರೀಕ್ಷೆ ಮಾಡೋಣ ಅಂತ ಎಲ್ಲರಿಗೂ ಇದೇ ಖಾತೆ ಕಳಿಸಿದ್ದೆ. ನೀವು ಹನ್ನೊಂದು ಜನಾನೂ ಮನುಷ್ಯ ಅಂದ್ರಿ. ಮೋಸ ಹೋಗದವಳು ಇವಳೊಬ್ಬಳೇ. ಹಿಡಿದು ತಂದ ಒಬ್ಬ ಹುಡುಗನ ಗೆಳೆಯರೂ ಬಲೆಗೆ ಬೀಳಲಿ ಅಂತ ಮಹಡಿಯವರು ಮಾಡಿಟ್ಟ ಯಂತ್ರ ಇದು. ಮಾತೆಲ್ಲ ಅವನ ಫೋನಿಂದಲೇ ತೆಗೆದದ್ದು."

ಅವಳು ಕುರ್ಚಿಯಲ್ಲೇ ಅವನತ್ತ ತಿರುಗಿದಳು. "ಅವನು?"

"ಅವನದು ಮುಗಿದು ಎರಡು ತಿಂಗಳಾಯ್ತಲ್ಲಮ್ಮಾ."