ಫೌಜದಾರರಿಗೆ ಛಂದಸ್ಸು

ಪೊಲೀಸ್ ಫೌಜದಾರ ಕಾಸಿಮಸಾಬರು ದ್ಯಾಮಣ್ಣ ಮಾಸ್ತರರ ಮನೆಯೊಳಗೆ ಬಂದವರೇ ಬಾಗಿಲಿಗೆ ಅಗಳಿ ಹಾಕಿದರು. ಮಾಸ್ತರರು ಗಡಬಡಿಸಿ ಎದ್ದು ನಿಂತರು.

"ಮಾಸ್ತರ್ರ, ಛಂದಸ್ಸಿನ್ಯಾಗ ಧಾರವಾಡಕ್ಕೆಲ್ಲ ನೀವ ಶಾಣ್ಯಾರಂತ. ಇದನ್ನಿಷ್ಟು ನೋಡ್ರಿ." ಅಂಗಿಯ ಒಳಗಿನಿಂದ ಮಡಚಿದ ಕಾಗದವೊಂದು ಹೊರಬಂತು.

ನೋಡುವುದೇನು ಬಂತು! ೧೯೪೨ರ ಆ ಶ್ರಾವಣದಲ್ಲಿ ಊರಿನ ಗೋಡೆಗಳಿಗೆಲ್ಲ ಅಂಟಿಕೊಂಡಿದ್ದ ಹಾಡು ಅದು. ಬರೆದವರು ಖುದ್ದು ಮಾಸ್ತರರೇ. ಅಚ್ಚು ಹಾಕಿದವನು ಆಗಲೇ ಊರು ಬಿಟ್ಟಿದ್ದ. ಬರೆದವರು ಸಿಕ್ಕರೆ ಜೈಲು. ಶಾಲೆಯ ನೌಕರಿಗಂತೂ ಎಳ್ಳುನೀರು.

ಫೌಜದಾರರ ಮೈಮೇಲೆ ಖಾಕಿ ಇರಲಿಲ್ಲ, ಹಿಂದೆ ಸಿಪಾಯಿಗಳಿರಲಿಲ್ಲ. ಒಬ್ಬರೇ ಬಂದು ಮಾತಿಗೆಳೆದು ಬಾಯಿ ಬಿಡಿಸುವ ಹುನ್ನಾರವೆಂದು ಮಾಸ್ತರರಿಗೆ ಖಾತ್ರಿಯಾಯಿತು.

ಕಾಗದದತ್ತ ನೋಡದೆಯೇ ಫೌಜದಾರರು ಸಣ್ಣ ದನಿಯಲ್ಲಿ ಅಂದರು:

ನಾಡೆಲ್ಲ ನಿದ್ದ್ಯಾಗ, ಕಾಡೆಲ್ಲ ಬೆಂಕ್ಯಾಗ
ನೋಡಣ್ಣ ನೀನು, ಏಳಣ್ಣ | ಪರರಾಜ್ಯ
ಓಡುವ ಹೊತ್ತು, ಏಳಣ್ಣ

"ಬಾಯಿಪಾಠ ಆಗೇತಲ್ರಿ, ಸಾಹೇಬ್ರ!"

"ದಿನಾ ಕಿವಿಗೆ ಬೀಳತೈತಿ. ಬರದವರು ಎಂಥವರು, ಅಷ್ಟ ಹೇಳ್ರಿ. ಖರೇ ಹೇಳ್ರಿ."

ಓದಿದವರು ಬರೆದದ್ದೆಂದರೆ ಬೆರಳು ಮಾಸ್ತರರತ್ತಲೇ ತಿರುಗುತ್ತದೆ. ಅವರು ಕಾಗದ ಬಿಡಿಸಿದರು. ಮಡಿಕೆಯಿಂದ ಜೋಳದ ಹಿಟ್ಟು ಉದುರಿತು. ಗೋಡೆಗೆ ಹಚ್ಚಿದ ಅಂಟು ಒಣಗಿ ಪುಡಿಯಾಗಿರಬೇಕು ಅಂದುಕೊಂಡರು. ಆ ಹಿಟ್ಟಿನಿಂದಲೇ ಅವರಿಗೊಂದು ಉಪಾಯ ಹೊಳೆಯಿತು.

"ಇದು ತ್ರಿಪದಿ ಐತ್ರಿ. ನಾಡು, ನೋಡು, ಓಡು ಅಂತ ಸಾಲಿನ ಎರಡನೇ ಅಕ್ಷರಕ್ಕ ಪ್ರಾಸ ಬಂದೈತಿ. ಹೆಣ್ಣುಮಕ್ಕಳು ಬೀಸೋ ಕಲ್ಲಿನ ಮುಂದ ಹಾಡ್ತಾರಲ್ರಿ, ಅದ ಧಾಟಿ."

"ಗಂಡಸರಿಗೆ ಬರಿಯಾಕ ಬರೂದಿಲ್ಲೇನು?"

"ಬರತೈತ್ರಿ. ಆದ್ರ 'ಏಳಣ್ಣ, ಏಳಣ್ಣ' ಅಂತ ಮತ್ತ ಮತ್ತ ಬರತೈತಿ ನೋಡ್ರಿ, ಕಲ್ಲು ಸುತ್ತು ತಿರುಗಿ ಬಂದಂಗ. ತವರಿನ ಅಣ್ಣನ್ನ ಹಿಂಗ ಕರಿಯೋರು ಹೆಂಗಸರ. ಇದು ಹೆಣ್ಣು ಕಟ್ಟಿದ ಪದ."

ಮನೆಮನೆಗೂ ಬೀಸುವ ಕಲ್ಲಿರುವ ಊರಿನಲ್ಲಿ ಯಾವ ಹೆಂಗಸನ್ನೆಂದು ಹಿಡಿದಾರು? ಮಾಸ್ತರರು ತಮಗೆ ತಾವೇ ಶಹಬ್ಬಾಸ್ ಅಂದುಕೊಂಡರು.

ಫೌಜದಾರರ ಮುಖ ಮಾತ್ರ ಬಿಳಿಚಿಕೊಂಡಿತು. "ಇನ್ನೊಮ್ಮೆ ನೋಡ್ರಿ."

"ಎಷ್ಟು ಸಲ ನೋಡಿದ್ರೂ ಅಷ್ಟರಿ. ದೇವರಾಣಿ!"

ಇಡೀ ಪೇಟೆಯನ್ನು ನಡುಗಿಸುತ್ತಿದ್ದ ಫೌಜದಾರರು ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತರು. ಎರಡೂ ಕೈ ಜೋಡಿಸಿದರು.

"ಮಾಸ್ತರ್ರ, ಈ ಮಾತು ಇಲ್ಲೇ ಇರಲಿ. ಆ ಕಾಗದ ನನಗ ಸಿಕ್ಕಿದ್ದು ಗ್ವಾಡಿ ಮ್ಯಾಲಲ್ರಿ, ನನ್ನ ಹೇಂತಿ ಹಿಟ್ಟಿನ ಡಬ್ಬ್ಯಾಗ."